ಬಸರಾಳು, ಮೊದಲ ಟ್ರಿಪ್ಪು

ಒಂಬತ್ತು ವರ್ಷದಿಂದ ಒಂದೇ ಊರ ಹೆಸರು ಕೂಗುತ್ತಿದ್ದೇನೆ
ಮಂಡ್ಯದ ಸ್ಟ್ಯಾಂಡಿನಲ್ಲಿ, ಫುಟ್‌ಬೋರ್ಡಿನ ಮೇಲೆ ನಿಂತು:
ಬಸ್ರಾಳ್, ಬಸ್ರಾಳ್, ಯಾರ್ರೀ ಬಸ್ರಾಳು?
ಹಾಲಿನ ಕ್ಯಾನಿನ ಮುದುಕ ಪ್ರತಿ ಸಲ ನಗುತ್ತಾನೆ,
'ಎಲ್ರುನ್ನೂವೆ ಕೇಳ್ತೀಯ, ನೀನ್ಯಾವಾಗವ್ವ?'
ನಾನು ಚಿಲ್ಲರೆ ಎಣಿಸುತ್ತೇನೆ.

ಹೋದ ವರ್ಷ ಅವಸರ ಮಾಡಿದೆ.
ದಿನ ತಪ್ಪುವುದಕ್ಕೆ ಇನ್ನೂ ಮೂರು ದಿನವಿತ್ತು.
ಮಧ್ಯಾಹ್ನ, ಡಿಪೋದ ಶೌಚಾಲಯ,
ಬಿಸಿಲಿಗೆ ಎರಡು ಬಾಟಲಿ ನೀರು ಕುಡಿದ ಮೈ.
ಕಡ್ಡಿಯಲ್ಲಿ ಒಂದೇ ಗೆರೆ. ಖಾಕಿ ಜೇಬಿಗೆ ತುರುಕಿ
ಎರಡು ಟ್ರಿಪ್ಪು ಮುಗಿಸಿ ಸಂಜೆ ತೆಗೆದರೆ
ಪಕ್ಕದಲ್ಲೇ ಇನ್ನೊಂದು, ಬೂದಿ ಬಣ್ಣದ್ದು.
ತಡೆಯಲಾಗದೆ ಅತ್ತೆಗೆ ಹೇಳಿಬಿಟ್ಟೆ.
ಅವರು ಬೀದಿಗೆಲ್ಲ ಹೇಳಿದರು,
'ನಮ್ಮ ಸುವರ್ಣಂಗೆ ನೀರ್ ನಿಂತದೆ ಕಣ್ರವ್ವ.'
ಗಸಗಸೆ ಪಾಯಸ, ಲೋಟ ಲೋಟ.
ಐದನೆಯ ದಿನ ಬಸರಾಳಿನ ತಿರುವಿನಲ್ಲಿ
ನಲವತ್ತೆರಡು ಜನರ ನಡುವೆ ಕಂಬಿ ಹಿಡಿದು
ಬಸ್ಸಿನೊಳಗೇ ಹೊರಗಾದೆ.
ಪಾಯಸ ಕೊಟ್ಟ ಮನೆಗಳಿಂದ ಲೋಟ ಇನ್ನೂ
ವಾಪಸ್ಸು ಬಂದಿರಲಿಲ್ಲ.

ಗುತ್ತಲು ರಸ್ತೆಯ ಮೆಡಿಕಲ್ಸಿನ ಫರ್ಜಾನಾ ಮೇಡಂ
ಕನ್ನಡಕ ಹಣೆಗೇರಿಸಿ ಮೆತ್ತಗೆ ಬೈದರು:
'ಡಬ್ಬಿ ಮೇಲಿರೋದನ್ನ ಓದೋದೇ ಇಲ್ಲ ನೀವು.
ಐದು ನಿಮಿಷಕ್ಕೆ ನೋಡಬೇಕು. ಹತ್ತು ದಾಟಿದ ಮೇಲೆ
ಆ ಕಡ್ಡಿ ಆಣೆಯಿಟ್ಟು ಹೇಳಿದರೂ ನಂಬಬೇಡಿ,
ಅದು ನೀರು ಆರಿದ ಗುರುತು, ಮಗುವಿನದಲ್ಲ.
ಬೇಗ ಕೇಳಿದರೋ, ಇದ್ದರೂ ಇಲ್ಲ ಅನ್ನುತ್ತೆ.
ದಿನ ತಪ್ಪಲಿ, ಮೇಲೊಂದು ವಾರ ಹೋಗಲಿ.
ಬೆಳಗಿನ ಮೊದಲ ನೀರು. ಮೂರೇ ತೊಟ್ಟು.
ಮೈಯಲ್ಲಿ ಅದು ಎರಡೆರಡು ದಿನಕ್ಕೆ ಇಮ್ಮಡಿಯಾಗುತ್ತೆ.'
ನಮ್ಮ ಸಂಘದ ಬಡ್ಡಿಯೂ ಅಷ್ಟು ಓಡಲ್ಲ ಮೇಡಂ, ಅಂದೆ.
ಅವರು ನಗಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿ
ಕಳ್ಳಮಾಲಿನ ಹಾಗೆ ಕೈಗಿಟ್ಟರು.

ಈ ಸಲ ಯಾರಿಗೂ ಹೇಳಿಲ್ಲ.
ನಾಲೆಯಲ್ಲಿ ಕಟ್ಟು ಪದ್ಧತಿ, ನೀರು ನಿಂತು ಐದು ದಿನ.
ನನ್ನಲ್ಲೂ ನಿಂತು ಐದು ದಿನ.
ನಾಲೆಗಾದರೆ ಬಿಡುವ ತಾರೀಕು ಪೇಪರಿನಲ್ಲಿ ಬರುತ್ತದೆ.
ವಾರ ಕಾಯಲು ಆಗಲಿಲ್ಲ.

ನಾಲ್ಕು ಇಪ್ಪತ್ತು. ನಂಜೇಶ ಅತ್ತ ಮಗ್ಗುಲಾದ.
ಬಚ್ಚಲ ಗೂಡಿನಲ್ಲಿ, ಸೀಗೆಪುಡಿ ಡಬ್ಬದ ಮೇಲೆ
ಕಡ್ಡಿ ಮಲಗಿಸಿ ಮೊಬೈಲು ಹಿಡಿದು ಕೂತೆ.
ಮೊದಲ ಗೆರೆ ಬಂತು, ಅದು ಸರ್ಕಾರಿ ಗೆರೆ,
ಕಡ್ಡಿ ಕೆಟ್ಟಿಲ್ಲ ಅನ್ನುವುದಕ್ಕಷ್ಟೆ.
ಮೂರನೆಯ ನಿಮಿಷ.
ಇದೆಯೋ, ನನ್ನ ಕಣ್ಣೋ?
ಬಲ್ಬಿನ ಕೆಳಗೆ ಹಿಡಿದೆ, ಓರೆ ಮಾಡಿದೆ.
ತಿಳಿ ಗುಲಾಬಿ. ಬೂದಿಯಲ್ಲ.
ನಾಲ್ಕು.
ಐದಾದದ್ದೇ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದೆ,
ಆಮೇಲಿನ ಸಾಕ್ಷಿ ನನಗೆ ಬೇಡ.

ಮಾಸಲು ಬರಹದ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ.
ನಮ್ಮ ಮೆಷಿನ್ನಿನ ಟಿಕೆಟ್ಟು ಬೆವರುಗೈಗೆ ಸಿಕ್ಕರೆ
ಊರು ಬರುವುದರೊಳಗೆ ಬಿಳುಚಿಕೊಳ್ಳುತ್ತದೆ.
ಚೆಕಿಂಗಿಗೆ ಹತ್ತಿದವರು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರೆ
ನಾನೇ ಅಡ್ಡ ಬರುತ್ತೇನೆ, ಮಾಸಿದ್ರೂ ಟಿಕೆಟ್ಟೇ ಸಾರ್,
ನಾನೇ ಕೊಟ್ಟಿದ್ದು.
ಆದರೆ ಕೊಟ್ಟವಳ ಧೈರ್ಯ ಬೇರೆ,
ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತವಳ ಪುಕ್ಕಲು ಬೇರೆ.

ಶುಕ್ರವಾರ ಇನ್ನೊಂದು ಕಡ್ಡಿ.
ಗೆರೆ ದಟ್ಟವಾದರೆ ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷೆ.
ಅದಾದ ಮೇಲೆ ನಂಜೇಶ. ಅತ್ತೆ, ಕೊನೆಗೆ.

ಐದೂ ನಲವತ್ತರ ಬಸ್ಸು. ಬಾಗಿಲಲ್ಲಿ ನಿಂತು
ಬಾಯಿ ತೆರೆದರೆ ಊರ ಹೆಸರೇ ಹೊರಡಲಿಲ್ಲ.
ಹಾಲಿನ ಮುದುಕ ನನ್ನ ಬದಲು ಕೂಗಿದ, ಬಸ್ರಾಳ್, ಬಸ್ರಾಳ್!
ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟ್ಟು ಹರಿಯುತ್ತ ಹೋದೆ.
ನಾಲೆಯ ಸೇತುವೆ ದಾಟುವಾಗ ತಲೆ ಎಣಿಸಿದೆ:
ಮೂವತ್ತಾರು, ಡ್ರೈವರನ್ನೂ ನನ್ನನ್ನೂ ಬಿಟ್ಟು.
ಶೀಟಿನಲ್ಲೂ ಹಾಗೇ ಬರೆದೆ.
ಗುಂಡಿಗಳು ಶುರುವಾದ ಕಡೆ ಮಾತ್ರ
'ಒಸಿ ನಿಧಾನುಕ್ಕೆ ಪುಟ್ಮಾದಣ್ಣ' ಅಂದೆ.
ಆತ ಕನ್ನಡಿಯಲ್ಲಿ ನನ್ನನ್ನೇ ನೋಡಿದ.
ನಾನು ಚಿಲ್ಲರೆ ಎಣಿಸಿದೆ.